ಎಲೆ ಅಳೆಯಲು ಗ್ರಾಫ್ ಹಾಳೆಯೋ, ಸ್ಕೇಲೋ, ಸ್ಕ್ಯಾನರೋ: ಮೆಥಡ್ಸ್ ಬರೆಯುವಾಗ ಗೊತ್ತಾದದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸ್ಕ್ಯಾನರ್ ಮತ್ತು ಇಮೇಜ್‌ಜೆ (ಚಿತ್ರದಲ್ಲಿ ಅಳತೆ ತೆಗೆಯುವ ಸಾಫ್ಟ್‌ವೇರ್) ಜೋಡಿಗೆ. ಬೀನ್ಸ್ ಗಿಡಗಳನ್ನು ಅರ್ಧ ಬಿಸಿಲಲ್ಲಿ, ಅರ್ಧ ನೆರಳಲ್ಲಿ ಬೆಳೆಸಿ ಎಲೆ ವಿಸ್ತೀರ್ಣ ಹೋಲಿಸುವ ಪ್ರಯೋಗ ನನ್ನದು. ಮೂರು ವಿಧಾನಗಳನ್ನೂ ಮಾಡಿ ನೋಡಿದೆ. ಅಳೆಯುವಾಗ ಮೂರೂ ಸರಿಯಾಗಿಯೇ ಕಂಡವು. ಮೆಥಡ್ಸ್, ಅಂದರೆ ವರದಿಯಲ್ಲಿ ಹೇಗೆ ಅಳೆದೆ ಎಂದು ಹೇಳುವ ಭಾಗ, ಬರೆಯಲು ಕೂತಾಗ ವ್ಯತ್ಯಾಸ ಗೊತ್ತಾಯಿತು.

ಗ್ರಾಫ್ ಹಾಳೆಗೆ ಖರ್ಚಿಲ್ಲ. ಎಲೆಯಿಟ್ಟು ಸುತ್ತ ಗೆರೆ ಎಳೆದು ಚೌಕ ಎಣಿಸುವುದು: ಅರ್ಧಕ್ಕಿಂತ ಜಾಸ್ತಿ ತುಂಬಿದ ಚೌಕ ಒಂದು, ಕಡಿಮೆ ಇದ್ದರೆ ಸೊನ್ನೆ, ಅಷ್ಟೇ ಲೆಕ್ಕ. ಆದರೆ ಹತ್ತು ಎಲೆ ಮುಗಿಯುವಷ್ಟರಲ್ಲಿ ಕಣ್ಣು ಸೋಲುತ್ತದೆ, ಬೆಳಗ್ಗೆ 'ಅರ್ಧ' ಅಂದದ್ದು ಸಂಜೆ ಅರ್ಧವಾಗಿ ಕಾಣುವುದಿಲ್ಲ.

ಸ್ಕೇಲಿನಲ್ಲಿ ಉದ್ದ, ಅಗಲ ಅಳೆದು, ಎರಡನ್ನೂ ಗುಣಿಸಿ, ಬಂದದ್ದನ್ನು ಎಲೆಯ ಆಕಾರಕ್ಕೆ ತಕ್ಕ ಒಂದು ಸಂಖ್ಯೆಯಿಂದ (ಗುಣಾಂಕ) ಗುಣಿಸುವುದು ಇನ್ನೊಂದು ದಾರಿ. ಎಲೆ ಕೀಳಬೇಕಿಲ್ಲ, ಇದು ದೊಡ್ಡ ಲಾಭ. ಮೆಕ್ಕೆಜೋಳಕ್ಕೆ 0.75 ಎನ್ನುವ ಗುಣಾಂಕ 1911ರಿಂದ ಬಳಕೆಯಲ್ಲಿದೆ. ಹಾಗಂತ ಸುಮ್ನೆ ಅದನ್ನೇ ಬೀನ್ಸ್‌ಗೆ ಹಾಕುವ ಹಾಗಿಲ್ಲ, ಎಲೆಯ ಆಕಾರವೇ ಬೇರೆ ಅಲ್ವಾ. ನಮ್ಮ ಗುಣಾಂಕ ನಾವೇ ಕಂಡುಕೊಳ್ಳಬೇಕು ಅಂದರೆ ಒಂದಷ್ಟು ಎಲೆಗಳ ನಿಜವಾದ ವಿಸ್ತೀರ್ಣ ಬೇಕು. ಅದಕ್ಕೆ ಮತ್ತೆ ಸ್ಕ್ಯಾನರ್ ಮುಂದೆಯೇ ಬಂದು ನಿಲ್ಲುತ್ತೇವೆ.

ಇನ್ನು ಸ್ಕ್ಯಾನರ್. 300 ಡಿಪಿಐ (ಇಂಚಿಗೆ 300 ಚುಕ್ಕಿ) ಅಂದರೆ ಒಂದು ಸೆಂ.ಮೀ.ಗೆ ಸುಮಾರು 118 ಪಿಕ್ಸೆಲ್. ಇಮೇಜ್‌ಜೆಗೆ ಅದನ್ನು ಒಮ್ಮೆ ಹೇಳಿ, 'ಗ್ಲೋಬಲ್' ಎನ್ನುವ ಬಾಕ್ಸಿಗೆ ಟಿಕ್ ಹಾಕಿದರೆ ಎಲ್ಲ ಚಿತ್ರಗಳಿಗೂ ಅದೇ ಅಳತೆ. ನಾನು ಎಡವಿದ್ದು ಇಲ್ಲೇ.

ನೆರಳಿನ ಎಲೆ ಸಾಮಾನ್ಯವಾಗಿ ತೆಳುವಾಗಿ, ಅಗಲವಾಗಿ ಇರಬೇಕು. ನನ್ನ ಲೆಕ್ಕದಲ್ಲಿ ಬಿಸಿಲಿನ ಎಲೆಗಿಂತ ತುಂಬಾ ಚಿಕ್ಕದಾಗಿತ್ತು! ಎರಡು ದಿನ ನೀರು ಕಡಿಮೆಯಾಯಿತೇನೋ, ಮಣ್ಣು ಸರಿಯಿಲ್ಲವೇನೋ ಅಂತ ಕಾರಣ ಹುಡುಕಿದೆ. ಆಮೇಲೆ ಮೆಥಡ್ಸ್‌ನಲ್ಲಿ 'ಎಲ್ಲ ಎಲೆಗಳನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಅಳೆಯಲಾಯಿತು' ಎಂದು ಬರೆದೆ. 'ಎಲ್ಲ' ಅಂತ ಬರೆಯುವಾಗ ಕೈ ನಿಂತಿತು. ನೆರಳಿನ ಎಲೆಗಳನ್ನು ಬೇರೆ ದಿನ ಸ್ಕ್ಯಾನ್ ಮಾಡಿ, ಪೆನ್‌ಡ್ರೈವ್ ಇಲ್ಲವೆಂದು ಮೆಸೇಜ್ ಆ್ಯಪ್‌ನಲ್ಲಿ ನನಗೇ ಕಳಿಸಿಕೊಂಡಿದ್ದೆ. ಆ್ಯಪ್ ಚಿತ್ರಗಳನ್ನು ಕುಗ್ಗಿಸಿತ್ತು. ಎ4 ಹಾಳೆಯ ಅಗಲಕ್ಕೆ 2480 ಪಿಕ್ಸೆಲ್ ಇರಬೇಕಾದಲ್ಲಿ ಅದರ ಅರ್ಧವೂ ಇರಲಿಲ್ಲ. ಇಮೇಜ್‌ಜೆ ಮಾತ್ರ ಸೆಂ.ಮೀ.ಗೆ 118 ಪಿಕ್ಸೆಲ್ ಎಂದೇ ಲೆಕ್ಕ ಹಾಕುತ್ತಿತ್ತು. ಉದ್ದ, ಅಗಲ ಎರಡೂ ಅರ್ಧವಾದರೆ ವಿಸ್ತೀರ್ಣ ಕಾಲು ಭಾಗಕ್ಕೆ ಇಳಿಯುತ್ತದೆ. 40 ಚದರ ಸೆಂ.ಮೀ. ಎಲೆ 10 ಆಗುತ್ತದೆ, ಸಾಫ್ಟ್‌ವೇರ್ ಒಂದು ಮಾತೂ ಆಡುವುದಿಲ್ಲ.

ಎಲೆಗಳು ಅಷ್ಟರಲ್ಲಿ ಓವನ್‌ನಲ್ಲಿ ಒಣಗಿ ಪುಡಿಯಾಗಿದ್ದವು. ಆದರೆ ಮೂಲ ಸ್ಕ್ಯಾನ್‌ಗಳು ಸ್ಕ್ಯಾನರ್ ಜೊತೆಗಿದ್ದ ಕಂಪ್ಯೂಟರಿನಲ್ಲಿ ಹಾಗೇ ಇದ್ದವು. ಅವನ್ನು ತಂದು ಮತ್ತೆ ಅಳೆದೆ. ಒಂದು ಸಂಜೆಯ ಕೆಲಸ. ಗ್ರಾಫ್ ಹಾಳೆಯ ಮೇಲೆ ಗೆರೆ ತಪ್ಪಿದ್ದರೆ ತಿದ್ದಲು ಎಲೆ ಎಲ್ಲಿಂದ ತರುವುದು? ಸ್ಕ್ಯಾನರ್ ಮೇಲೆ ನನಗೆ ಪ್ರೀತಿ ಬಂದದ್ದು ಇದಕ್ಕೇ.

ಈಗ ಪ್ರತಿ ಎಲೆಯ ಪಕ್ಕ ಒಂದು ಸ್ಕೇಲ್ ಇಟ್ಟೇ ಸ್ಕ್ಯಾನ್ ಮಾಡುತ್ತೇನೆ. ಮೆಥಡ್ಸ್‌ನಲ್ಲಿ ಡಿಪಿಐ, ಫೈಲ್ ನಮೂನೆ, ತೊಟ್ಟು ಸೇರಿದೆಯೋ ಇಲ್ಲವೋ, ಬೀನ್ಸ್ ಎಲೆಯ ಮೂರು ಕಿರುಎಲೆಗಳನ್ನೂ ಕೂಡಿಸಿದ್ದೋ ನಡುವಿನದ್ದು ಮಾತ್ರವೋ, ಕಿತ್ತ ಎಷ್ಟು ಹೊತ್ತಿಗೆ ಅಳೆದದ್ದು, ಎಷ್ಟು ಗಿಡ, ಗಿಡಕ್ಕೆ ಎಷ್ಟು ಎಲೆ, ಇಷ್ಟನ್ನೂ ಬರೆಯುತ್ತೇನೆ. ಒಂದೇ ಗಿಡದ ಐದು ಎಲೆ ಐದು ಗಿಡಕ್ಕೆ ಸಮ ಅಲ್ಲ, ಇದನ್ನು ಬಿಡಿಸಿ ಹೇಳಲೇಬೇಕು.

ಲೀಫ್ ಏರಿಯಾ ಮೀಟರ್ ನನ್ನ ಬಜೆಟ್ಟಿಗೆ ಆಗದ ಮಾತು, ಸ್ಕ್ಯಾನರ್ ಮೊದಲೇ ಇತ್ತು, ಇಮೇಜ್‌ಜೆ ಉಚಿತ. ನೋಟ್ಸ್ ತಡವಾಗಿ ಬರೆಯುವ ಅಭ್ಯಾಸ ಇರುವ ನನಗೆ, ಮತ್ತೆ ತೆರೆದು ನೋಡಬಹುದಾದ ಚಿತ್ರ ಬೇಕೇ ಬೇಕು. ಅದೇ ಎಲೆಯನ್ನು ವಾರ ವಾರವೂ ಗಿಡದಲ್ಲೇ ಅಳೆಯಬೇಕಾದರೆ ಮಾತ್ರ ಸ್ಕೇಲ್ ಹಿಡಿಯುತ್ತೇನೆ, ಅದೂ ಗುಣಾಂಕ ಸ್ಕ್ಯಾನರ್‌ನಿಂದ ತೆಗೆದುಕೊಂಡೇ.