ಆಯುಧಪೂಜೆ ದಿನ ಜುಮ್ ಅಂದ ಗಾಡಿ

ಆಯುಧಪೂಜೆ ದಿನ ಗಾಡಿ ತೊಳೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟಾಗಿತ್ತು. ಅತ್ತೆ ಬಾಗಿಲಿಗೆ ಕುಂಕುಮ ಹಚ್ಚಲು ಹೋಗಿ, "ಅಯ್ಯೋ, ಜುಮ್ ಅಂತಿದೆ ಕಣೇ" ಅಂತ ಕೈ ಎಳೆದುಕೊಂಡರು. ಚಾಮುಂಡಿ ಮೈಮೇಲೆ ಬಂದಳಾ ಅಂತ ನಕ್ಕೆವು. ಬಂದಿದ್ದು ಕರೆಂಟು.

ನಮ್ಮದು ಹಳೇ ಟೆಂಪೋ ಟ್ರಾವೆಲರ್. ಒಳಗೆ ಮಂಚ, ಪುಟ್ಟ ಫ್ರಿಜ್, ಇಂಡಕ್ಷನ್ ಒಲೆ ಹಾಕಿಸಿಕೊಂಡು ಊರೂರು ಸುತ್ತುತ್ತೇವೆ. ಕುವೆಂಪುನಗರದ ಮನೆ ಮುಂದೆ ನಿಂತಾಗ ಬ್ಯಾಟರಿ ಚಾರ್ಜ್ ಆಗಲಿ ಅಂತ ಪೋರ್ಟಿಕೋದಿಂದ ಎರಡು ಪಿನ್ನಿನ ವೈರ್ ಎಳೆದಿದ್ದೆವು. ಅದರಲ್ಲಿ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತ್ ತಂತಿಯೇ ಇಲ್ಲ. ಎಲ್ಲೋ ಸೋರಿದ ಕರೆಂಟು ಗಾಡಿಯ ಮೈಗೆ ಬಂದಿದೆ. ಕೆಳಗೆ ರಬ್ಬರ್ ಟೈರು, ಇಳಿದು ಹೋಗಲು ದಾರಿಯಿಲ್ಲ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತ ಅತ್ತೆಯೇ ಅದಕ್ಕೆ ದಾರಿಯಾದರು.

ಮೊದಲು ಬಂದ ಎಲೆಕ್ಟ್ರಿಷಿಯನ್ ಗಾಡಿ ಪಕ್ಕ ಮೂರಡಿ ಕಬ್ಬಿಣದ ಸರಳು ಹೊಡೆದು, ಒಂದು ತಂತಿ ಕಟ್ಟಿ, 800 ರೂಪಾಯಿ ತಗೊಂಡು ಹೋದ. ಅವನಿಗೆ ಐದಕ್ಕೆ ಸೊನ್ನೆ ಅಂಕ.

ಎರಡನೆಯವರು ಮಂಡ್ಯದವರು, ತಮ್ಮನ ಪರಿಚಯ. ಮೂರು ಸಲ "ನಾಳೆ ಬತ್ತೀನಕ್ಕ" ಅಂದು ನಾಲ್ಕನೇ ಸಲ ಬಂದರು. ಆದರೆ ಬಂದವರೇ ಅರ್ತ್ ಟೆಸ್ಟರ್ ತೆಗೆದು, ದೂರದಲ್ಲಿ ಎರಡು ಗೂಟ ನೆಟ್ಟು ಅಳೆದರು. ಆ ಸರಳಿನಿಂದ ನೆಲಕ್ಕೆ ಇಳಿಯಲು ಕರೆಂಟಿಗೆ ಇರುವ ಅಡ್ಡಿ (ರೆಸಿಸ್ಟೆನ್ಸ್) 92 ಓಮ್! ರಟ್ಟಿನ ಮೇಲೆ ಲೆಕ್ಕ ಬರೆದು ತೋರಿಸಿದರು: 230 ವೋಲ್ಟ್‌ಗೆ 92 ಓಮ್ ಅಂದರೆ ಎರಡೂವರೆ ಆಂಪಿಯರ್ ಕರೆಂಟು ಅಷ್ಟೇ. ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಟ್ ಮಾಡುವ ಸ್ವಿಚ್ಚಿಗೆ ಎಂಸಿಬಿ ಅಂತಾರೆ. "ಹದಿನಾರು ಆಂಪಿಯರ್ ಎಂಸಿಬಿ ಇದಕ್ಕೆಲ್ಲ ಬೀಳಾಕಿಲ್ಲ ಕಣಕ್ಕ. ಕರೆಂಟು ತರೋ ಫೇಸ್ ತಂತಿ ಮೈಗೆ ತಾಗಿದ್ರೆ ಗಾಡಿ ಹಂಗೇ ಕರೆಂಟಲ್ಲಿ ನಿಂತಿರ್ತದೆ."

ಮನೆಯ ಹಳೇ ಅರ್ತಿಂಗ್ ಪೈಪ್ ತುಕ್ಕು ತಿಂದು ಪುಡಿಯಾಗಿತ್ತು. ಹೊಸ ಗುಂಡಿ ತೋಡಿಸಿ, ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿದರು. 7 ಓಮ್‌ಗೆ ಇಳಿಯಿತು. ಆಗಲೂ ಸಿಗುವುದು 33 ಆಂಪಿಯರ್ ಅಷ್ಟೇ, ಎಂಸಿಬಿ ತಕ್ಷಣ ಬೀಳುವುದಿಲ್ಲ. ಅದಕ್ಕೇ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಲೇಬೇಕು ಅಂತ ಹಟ ಹಿಡಿದರು. ಹೋದ ಕರೆಂಟು ಅಷ್ಟೇ ವಾಪಸ್ ಬರದಿದ್ದರೆ ಅದು ಲೈನ್ ಕಟ್ ಮಾಡುತ್ತದೆ. ಗೋಡೆಗೆ ಮುಚ್ಚಳವಿರುವ ನೀಲಿ ಇಂಡಸ್ಟ್ರಿಯಲ್ ಸಾಕೆಟ್, ಗಾಡಿಗೆ ಎರಡೂವರೆ ಸ್ಕ್ವೇರ್ ಎಂಎಂ ಮೂರು ಕೋರ್ ಕೇಬಲ್, ಅದರ ಹಸಿರು ಅರ್ತ್ ತಂತಿ ಗಾಡಿಯ ಚಾಸಿಗೆ, ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟಿಗೆ. ಒಳಗೆ ಕರೆಂಟು ವಾಪಸ್ ಹೋಗುವ ನ್ಯೂಟ್ರಲ್ ತಂತಿ ಎಲ್ಲಾದರೂ ಚಾಸಿಗೆ ಸೇರಿದೆಯಾ ಅಂತಲೂ ನೋಡಿದರು. ಸೇರಿದ್ದರೆ ಆರ್‌ಸಿಸಿಬಿ ಆನ್ ಆಗಿ ನಿಲ್ಲುವುದೇ ಇಲ್ಲವಂತೆ.

ಮಜಾ ಇರುವುದು ಇಲ್ಲಿ. ಎಲ್ಲ ಮುಗಿಸಿ ಪ್ಲಗ್ ಹಾಕಿದರೆ, ಟಪ್! ಆರ್‌ಸಿಸಿಬಿ ಬಿತ್ತು. ಯಜಮಾನರು "ಹೊಸದೇ ಕೆಟ್ಟದ್ದು ಕೊಟ್ಟಿದ್ದಾರೆ" ಅಂತ ಶುರು ಮಾಡಿದರು. ಮಂಡ್ಯದವರು ಮಾತಾಡದೆ ಮಂಚದ ಹಲಗೆ ಎತ್ತಿಸಿದರು. ಫ್ರಿಜ್ಜಿನ ವೈರು ಸ್ಕ್ರೂ ಕೆಳಗೆ ಸಿಕ್ಕಿ ಅರ್ಧ ಸುಲಿದಿತ್ತು. ಒಂದು ವರ್ಷ ಅದರ ಮೇಲೇ ಮಲಗಿದ್ದೇವೆ.

ಒಟ್ಟು ಖರ್ಚು 13,400 ರೂಪಾಯಿ. ಜಾಸ್ತಿ ಅನಿಸಿತು, ಆದರೆ ಚೌಕಾಸಿ ಮಾಡಲಿಲ್ಲ. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕಿ, ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿ ಅಂತ ಹೇಳಿ ಹೋದರು. ಬಟನ್ ಕೆಲಸ ಅತ್ತೆಯದು. ಅಮಾವಾಸ್ಯೆಗೊಮ್ಮೆ ಒತ್ತುತ್ತಾರೆ, ಮನೆಯವರು ಟಿವಿ ನೋಡುತ್ತಿದ್ದರೂ ಲೆಕ್ಕಕ್ಕಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದಿದ್ದು ನನ್ನ ಕನಕಾಂಬರದ ಗಿಡಕ್ಕೆ. ಗುಂಡಿ ತೋಡುವಾಗ ಕೇಳದೇ ಕಿತ್ತು ಬಿಸಾಕಿದರು. ಗುಂಡಿಗೆ ಮುಚ್ಚಳ ತರುತ್ತೇನೆ ಅಂದವರು ಇನ್ನೂ ಬಂದಿಲ್ಲ. ಸದ್ಯಕ್ಕೆ ಹಳೇ ಕಡಪ ಕಲ್ಲು ಮುಚ್ಚಿದ್ದೇವೆ.