ಬಾರ್ಡರ್ ಕೋಲಿ: ತೋಟ ಇದ್ದರೆ ಸಾಲದು, ಪುರುಸೊತ್ತೂ ಬೇಕು

ಕೊಡಗಿನ ಚಳಿ ಬಾರ್ಡರ್ ಕೋಲಿ ನಾಯಿಗೆ ಒಗ್ಗುತ್ತದೆ, ಕಷ್ಟವೆಲ್ಲ ಮಳೆಗಾಲದ್ದು. ಎರಡು ಪದರದ ಕೂದಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸರಿಯಾಗಿ ಒಣಗುವುದೇ ಇಲ್ಲ. ಮೇಲೆ ಒಣಗಿದಂತೆ ಕಂಡರೂ ಕಿವಿಯ ಹಿಂದೆ, ತೊಡೆಸಂದಿಯಲ್ಲಿ ಬೆರಳಿಟ್ಟು ನೋಡಿ. ಒದ್ದೆ ಉಳಿದರೆ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ತೋಟ ಸುತ್ತಿ ಬಂದಾಗಲೆಲ್ಲ ಕಾಲ್ಬೆರಳ ಸಂದಿಯಲ್ಲಿ ಜಿಗಣೆ, ಉಣ್ಣಿ ಹುಡುಕಬೇಕು. ಉಣ್ಣಿಗೆಂದು ದನಕ್ಕೆ ಕೊಡುವ ಐವರ್‌ಮೆಕ್ಟಿನ್ ಮದ್ದು ಮಾತ್ರ ಚುಚ್ಚಿಸಬೇಡಿ. ಕೋಲಿ ಜಾತಿಯ ಕೆಲವು ನಾಯಿಗಳಲ್ಲಿ ಜೀನ್ ದೋಷದಿಂದ ಅದು ಮೆದುಳಿಗೆ ಸೇರಿ ಪ್ರಾಣಕ್ಕೇ ಕುತ್ತು.

ಇಂಗ್ಲೆಂಡ್–ಸ್ಕಾಟ್ಲೆಂಡ್ ಗಡಿಯಲ್ಲಿ ಕುರಿ ಅಟ್ಟಲು ಬೆಳೆಸಿದ ತಳಿ. ಕುರಿ ಇಲ್ಲವೇ? ಕೋಳಿ, ಜೀಪು, ಓಡುವ ಮಕ್ಕಳು ಯಾವುದಾದರೂ ಆದೀತು. ತಲೆ ತಗ್ಗಿಸಿ ದಿಟ್ಟಿಸಿ, ಆಮೇಲೆ ಹಿಮ್ಮಡಿಗೆ ಬಾಯಿ ಹಾಕುತ್ತದೆ. ಸಿಟ್ಟಲ್ಲ, ಕಸುಬು. ಆದರೂ 5 ವರ್ಷದೊಳಗಿನ ಮಕ್ಕಳಿರುವ ಮನೆಗೆ ನಾವು ಬೇಡವೆನ್ನುತ್ತೇವೆ.

ದಿನಕ್ಕೆ ಸುಮಾರು 2 ಗಂಟೆ ಓಟ, ಜೊತೆಗೆ 15 ನಿಮಿಷ ಬಚ್ಚಿಟ್ಟದ್ದನ್ನು ಹುಡುಕಿಸುವಂಥ ತಲೆಗೆಲಸ. ಕಾಫಿ ಕೊಯ್ಲಿನ ಗಡಿಬಿಡಿಯಲ್ಲೂ ಇದು ಆದೀತೇ? ಕಟ್ಟಿಹಾಕಿದರೆ ತನ್ನ ಬಾಲವನ್ನೇ ಅಟ್ಟುವ ಚಟ ಹತ್ತುತ್ತದೆ. ರಾತ್ರಿ ಒಳಗೇ ಮಲಗಿಸಿ, ಚಿರತೆ ಕಾಟವಿದೆ. 8 ವಾರ ತುಂಬದ ಮರಿ ತರಬೇಡಿ. ತಂದೆತಾಯಿಯ ಸೊಂಟದ ಎಕ್ಸ್‌ರೇ, ಕಣ್ಣಿನ ತಪಾಸಣೆಯ ಕಾಗದ ಕೇಳಿ. ತೋರಿಸದಿದ್ದರೆ ಮುಂಗಡ ಕೊಡದೆ ಎದ್ದು ಬನ್ನಿ.