ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗದ ಹಳೆಯ ಕಾರು ಮತ್ತು ಅಂಗೈಯಗಲದ ಒಂದು ಸ್ಕ್ಯಾನರ್

ಕೀಲಿ ತಿರುಗಿಸಿದಾಗ ಎಂಜಿನ್ ಅಲುಗಾಡದೆ ಟಕ್ಕೆಂದು ಸದ್ದು ಮಾಡಿ ಸುಮ್ಮನಾದರೆ ಬ್ಯಾಟರಿಯನ್ನೋ ಸ್ಟಾರ್ಟರ್ ಮೋಟರನ್ನೋ ಅನುಮಾನಿಸಬಹುದು. ಎಂಜಿನ್ ಗರಗರನೆ ತಿರುಗುತ್ತಲೇ ಇದ್ದು ಹೊತ್ತಿಕೊಳ್ಳದಿದ್ದರೆ ಮಾತ್ರ ಅನುಮಾನಕ್ಕೆ ಕೊನೆಯಿರುವುದಿಲ್ಲ. ಕಿಡಿ ಬರುತ್ತಿಲ್ಲವೋ, ಪೆಟ್ರೋಲ್ ತಲುಪುತ್ತಿಲ್ಲವೋ, ಸಿಲಿಂಡರಿನೊಳಗೆ ಗಾಳಿಯನ್ನು ಅದುಮುವ ಕಂಪ್ರೆಷನ್ ಹೋಗಿದೆಯೋ, ಕಳ್ಳತನ ತಡೆಯುವ ಇಮೊಬಿಲೈಸರ್ ಕೀಲಿಯನ್ನು ಗುರುತಿಸುತ್ತಿಲ್ಲವೋ ಎಂಬುದು ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ನನ್ನ ಹಳೆಯ ಪೆಟ್ರೋಲ್ ಕಾರು ಇದೇ ಕಾಯಿಲೆಗೆ ಬಿದ್ದಾಗ ಕೊಂಡ ಒಬಿಡಿ ಸ್ಕ್ಯಾನರನ್ನು, ಅಂದರೆ ಕಾರಿನ ಸಾಕೆಟ್ಟಿಗೆ ಚುಚ್ಚಿ ಅದರ ಕಂಪ್ಯೂಟರಿನಲ್ಲಿರುವ ಮಾಹಿತಿಯನ್ನು ಓದುವ ಸಾಧನವನ್ನು, ಈಗ ಎಂಟು ತಿಂಗಳಿಂದ ಬಳಸುತ್ತಿದ್ದೇನೆ. ಇದು ಫೋನಿಗೆ ಜೋಡಿಸುವ ಬಗೆಯದಲ್ಲ. ಸ್ವಂತ ಪರದೆಯೂ ನಾಲ್ಕೈದು ಗುಂಡಿಗಳೂ ಗಟ್ಟಿಯಾದ ತಂತಿಯೂ ಇರುವ, ಕಾರು ಬರೆದಿಟ್ಟ ದೋಷದ ಕೋಡ್ ಓದುವುದರ ಜೊತೆಗೆ ಲೈವ್ ಡೇಟಾವನ್ನೂ, ಅಂದರೆ ಸೆನ್ಸರ್‌ಗಳ ಆ ಕ್ಷಣದ ಅಂಕಿಗಳನ್ನೂ, ತೋರಿಸುವ ಸಾಧಾರಣ ಸಾಧನ.

ಇದನ್ನು ಕೊಳ್ಳುವ ಮೊದಲು ನಡೆದದ್ದನ್ನು ಹೇಳದಿದ್ದರೆ ವಿಮರ್ಶೆಗೆ ಅರ್ಥವಿರುವುದಿಲ್ಲ. ಕಾರು ಬೆಳಿಗ್ಗೆ ಸರಾಗವಾಗಿ ಹೊರಡುತ್ತಿತ್ತು. ಒಂದು ಗಂಟೆ ಓಡಿಸಿ, ಹದಿನೈದು ನಿಮಿಷ ನಿಲ್ಲಿಸಿ, ಮತ್ತೆ ಕೀಲಿ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತಿತ್ತೇ ಹೊರತು ಸ್ಟಾರ್ಟ್ ಆಗುತ್ತಿರಲಿಲ್ಲ. ಗ್ಯಾರೇಜಿನವರು ಕಾರು ಹಟ ಹಿಡಿದಿದ್ದ ಹೊತ್ತಿನಲ್ಲೇ ಬಂದು ನೋಡಿ, ಎಂಜಿನ್ ತಿರುಗುವಾಗ ಫ್ಯುಯೆಲ್ ಪಂಪ್ ಓಡುತ್ತಿಲ್ಲವೆಂದು ಕಂಡುಕೊಂಡು, ಹೊಸ ಪಂಪ್ ಹಾಕಿದರು. ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಪಂಪ್ ಬದಲಿಸುವಷ್ಟರಲ್ಲಿ ಎಂಜಿನ್ ತಣ್ಣಗಾಗಿತ್ತೆಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮೂರು ವಾರ ಕಳೆಯುವುದರೊಳಗೆ ಹಳೆಯ ಕಥೆ ಮರಳಿತು.

ಸ್ಕ್ಯಾನರ್ ಕೈಗೆ ಬಂದ ದಿನ ಮೊದಲು ಕೋಡ್ ಓದಿಸಿದೆ. ಒಂದೂ ಇರಲಿಲ್ಲ. ಇಂಥ ಸಾಧನವನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಇಲ್ಲಿಯೇ ನಿರಾಶರಾಗಿ ಅದನ್ನು ಡಬ್ಬಿಗೆ ಹಾಕಿಡುತ್ತಾರೆಂದು ಕಾಣುತ್ತದೆ. ಆದರೆ ಹಳೆಯ ಇಸಿಯುಗಳಲ್ಲಿ, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರುಗಳಲ್ಲಿ, ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್‌ನ ಸಂಕೇತ ಪೂರ್ತಿ ನಿಂತುಹೋದರೆ ಎಂಜಿನ್ ತಿರುಗುತ್ತಿದೆಯೆಂಬುದೇ ಅದಕ್ಕೆ ತಿಳಿಯದಿರಬಹುದು. ತಿರುಗದ ಎಂಜಿನ್ನಿನ ಬಗ್ಗೆ ಅದು ದೂರು ಬರೆದಿಡುವುದಾದರೂ ಹೇಗೆ? ಆದ್ದರಿಂದ ಪಿ0335 ಎಂಬ ಕೋಡ್ ಕಾಣಿಸಲಿಲ್ಲವೆಂದ ಮಾತ್ರಕ್ಕೆ ಕ್ರ್ಯಾಂಕ್ ಸೆನ್ಸರ್ ಸರಿಯಿದೆಯೆಂದು ತೀರ್ಮಾನಿಸಲಾಗದು.

ಸಾಧನದ ನಿಜವಾದ ಬೆಲೆ ತಿಳಿದದ್ದು ಲೈವ್ ಡೇಟಾದಲ್ಲಿ. ತಣ್ಣಗಿದ್ದಾಗ ಸೆಲ್ಫ್ ಹೊಡೆದರೆ ಪರದೆಯ ಮೇಲೆ ಎಂಜಿನ್ ವೇಗ ನಿಮಿಷಕ್ಕೆ 200 ಸುತ್ತುಗಳ ಆಸುಪಾಸಿನಲ್ಲಿ ಕುಣಿದು, ಎಂಜಿನ್ ಹೊತ್ತಿಕೊಂಡ ಕೂಡಲೇ ಸಾವಿರ ದಾಟುತ್ತಿತ್ತು. ಒಂದು ಸಂಜೆ ಬಿಸಿ ಎಂಜಿನ್ ಹಟ ಹಿಡಿದಾಗ ಸ್ಕ್ಯಾನರ್ ಚುಚ್ಚಿ ನೋಡಿದೆ: ಕಿವಿಗೆ ಎಂಜಿನ್ ತಿರುಗುವ ಸದ್ದು ಸ್ಪಷ್ಟವಾಗಿ ಕೇಳಿಸುತ್ತಿದ್ದರೂ ಪರದೆಯಲ್ಲಿದ್ದದ್ದು ಸೊನ್ನೆ. ಎಂಜಿನ್ ತಿರುಗುತ್ತಿದೆಯೆಂಬ ಸಂಕೇತ ಬಾರದಿದ್ದರೆ ಇಸಿಯು ಕಿಡಿಯನ್ನೂ ಕೊಡುವುದಿಲ್ಲ, ಇಂಜೆಕ್ಟರ್‌ಗಳನ್ನೂ ತೆರೆಯುವುದಿಲ್ಲ, ಕೀಲಿ ಆನ್ ಮಾಡಿದಾಗ ಒಂದೆರಡು ಸೆಕೆಂಡು ಓಡಿಸಿದ ಪಂಪನ್ನು ಮತ್ತೆ ಓಡಿಸುವುದೂ ಇಲ್ಲ. ಗ್ಯಾರೇಜಿನವರು ಕಂಡದ್ದು ಸುಳ್ಳಾಗಿರಲಿಲ್ಲ; ಪಂಪ್ ಓಡದಿದ್ದದ್ದು ರೋಗವಾಗಿರದೆ ರೋಗದ ಲಕ್ಷಣವಾಗಿತ್ತು, ಅಷ್ಟೆ. ಬಾನೆಟ್ ತೆರೆದು, ಫ್ಯಾನಿನಿಂದ ಕೈ ದೂರವಿಟ್ಟುಕೊಂಡು, ಸೆನ್ಸರ್‌ನ ಮೇಲೆ ಒದ್ದೆ ಬಟ್ಟೆ ಹಾಕಿ ಐದು ನಿಮಿಷ ಕಾದ ಮೇಲೆ ಕೀಲಿ ತಿರುಗಿಸಿದರೆ ಸೊನ್ನೆಯ ಜಾಗದಲ್ಲಿ 190 ಎಂದು ಬಂತು, ಕಾರು ಸ್ಟಾರ್ಟ್ ಆಯಿತು. ಮುಂದಿನ ಸಲ ಮಲ್ಟಿಮೀಟರ್ ಹಿಡಿದು ಖಚಿತಪಡಿಸಿಕೊಂಡೆ: ತಣ್ಣಗಿದ್ದಾಗ ಸುಮಾರು 870 ಓಮ್ ತೋರಿಸುತ್ತಿದ್ದ ಆ ಎರಡು ತಂತಿಯ ಸೆನ್ಸರ್, ಬಿಸಿಯಾದಾಗ ಒಳಗಿನ ಸುರುಳಿಯೇ ತುಂಡಾದಂತೆ ಏನನ್ನೂ ತೋರಿಸಲಿಲ್ಲ. ಸೆನ್ಸರ್ ಬದಲಿಸಿದ ಮೇಲೆ ತೊಂದರೆ ಮರುಕಳಿಸಿಲ್ಲ.

ಎರಡನೆಯ ಸಲ ಇದು ಕೆಲಸಕ್ಕೆ ಬಂದದ್ದು ಭಾವನವರ ಕಾರಿನಲ್ಲಿ. ಅಲ್ಲಿ ತೊಂದರೆ ತಿರುವುಮುರುವಾಗಿತ್ತು: ಸೆಲ್ಫ್ ಹೊಡೆಯುವಾಗ ವೇಗ ಸರಿಯಾಗಿಯೇ ಕಾಣುತ್ತಿತ್ತು, ಬಾನೆಟ್ಟಿನ ಸುತ್ತ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು, ಬಿಚ್ಚಿ ನೋಡಿದರೆ ಪ್ಲಗ್ಗುಗಳೆಲ್ಲ ಒದ್ದೆ. ಎಂಜಿನ್ನನ್ನು ತಣಿಸುವ ದ್ರವವಾದ ಕೂಲಂಟ್ ಉಷ್ಣತೆಯ ಸಾಲನ್ನು ನೋಡಿದರೆ ಮೈನಸ್ 40 ಡಿಗ್ರಿ. ಹೊರಗಿನ ಗಾಳಿಯ ಉಷ್ಣತೆಯನ್ನು ಅದೇ ಪರದೆ 24 ಎಂದು ತೋರಿಸುತ್ತಿತ್ತು. ರಾತ್ರಿಯಿಡೀ ನಿಂತ ಕಾರಿನಲ್ಲಿ ಈ ಎರಡು ಅಂಕಿಗಳು ಹೆಚ್ಚುಕಡಿಮೆ ಒಂದೇ ಇರಬೇಕು. ಸೆನ್ಸರ್‌ನ ತಂತಿ ಕಡಿದರೆ ಬಹುತೇಕ ಕಾರುಗಳ ಇಸಿಯು ಓದುವುದು ಇದೇ ಮೈನಸ್ 40. ಅದನ್ನು ನಂಬಿ ಹಿಮದಲ್ಲಿ ನಿಂತ ಎಂಜಿನ್ನಿಗೆ ಕೊಡುವಷ್ಟು ಪೆಟ್ರೋಲ್ ಸುರಿದರೆ ಪ್ಲಗ್ಗುಗಳು ತೊಯ್ದು ಕಿಡಿ ಸತ್ತುಹೋಗುತ್ತದೆ. ಪ್ಲಗ್ಗುಗಳನ್ನು ಒಣಗಿಸಿ ಹಾಕಿ, ಆಕ್ಸಿಲರೇಟರನ್ನು ತಳದವರೆಗೆ ತುಳಿದು ಸೆಲ್ಫ್ ಹೊಡೆಸಿದೆವು. ಹೀಗೆ ತುಳಿದರೆ ಇಂಜೆಕ್ಟರ್ ಇರುವ ಹಲವು ಎಂಜಿನ್‌ಗಳಲ್ಲಿ ಇಸಿಯು ಪೆಟ್ರೋಲ್ ನಿಲ್ಲಿಸಿ ಗಾಳಿಯನ್ನಷ್ಟೇ ಬಿಡುತ್ತದೆ. ಕೆಮ್ಮುತ್ತಾ ಸ್ಟಾರ್ಟ್ ಆಯಿತು. ಆಮೇಲೆ ನೋಡಿದರೆ ಕನೆಕ್ಟರ್‌ನ ಹಿಂದೆ ತಂತಿ ತುಕ್ಕು ಹಿಡಿದು ಕಡಿದಿತ್ತು.

ಇನ್ನು ದೂರುಗಳು. ಸ್ಕ್ಯಾನರ್‌ಗೆ ಸ್ವಂತ ಬ್ಯಾಟರಿ ಇಲ್ಲ. ಹದಿನಾರು ಪಿನ್ನಿನ ಸಾಕೆಟ್ಟಿನ 16ನೆಯ ಪಿನ್ನಿನಲ್ಲಿ ಸಿಗುವ ಕಾರಿನ ಬ್ಯಾಟರಿಯ ವಿದ್ಯುತ್ತೇ ಅದಕ್ಕೆ ಗತಿ. ಕಾರಿನ ಬ್ಯಾಟರಿ ಸ್ವಲ್ಪ ಸೋತಿದ್ದರೂ ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಕುಸಿದು ಪರದೆ ಕಪ್ಪಾಗುತ್ತದೆ, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ನಮಗೆ ಅಂಕಿ ಬೇಕಾಗಿರುವುದು ನಿಖರವಾಗಿ ಆ ಐದು ಸೆಕೆಂಡುಗಳಲ್ಲೇ. ತಯಾರಕರು ಇದನ್ನು ಯೋಚಿಸದೆ ಇದ್ದದ್ದು ನನಗೆ ಅಕ್ಷಮ್ಯವೆನಿಸುತ್ತದೆ. ಬ್ಯಾಟರಿಯನ್ನು ಚೆನ್ನಾಗಿ ಚಾರ್ಜ್ ಮಾಡಿಕೊಂಡೇ ಪರೀಕ್ಷೆಗೆ ಇಳಿಯಬೇಕು, ಸುಮ್ಮನಿದ್ದಾಗ 12.6 ವೋಲ್ಟ್ ಇದ್ದು, ಸೆಲ್ಫ್ ಹೊಡೆಯುವಾಗ 10ರ ಕೆಳಗೆ ಇಳಿಯದಿದ್ದರೆ ಪರದೆ ಉಳಿಯುತ್ತದೆ. ಹೇಗಿದ್ದರೂ ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಸುವುದು ಸ್ಟಾರ್ಟರ್ ಮೋಟರಿಗೆ ಒಳ್ಳೆಯದಲ್ಲ.

ಎರಡನೆಯ ದೂರು ನಿಧಾನದ್ದು, ಇದರಲ್ಲಿ ತಪ್ಪು ಸ್ಕ್ಯಾನರ್‌ನದೊಂದೇ ಅಲ್ಲ. ಹಳೆಯ ಕಾರುಗಳು ಮಾತಾಡುವ ಕೆ-ಲೈನ್ ವ್ಯವಸ್ಥೆಯ ವೇಗ ಸೆಕೆಂಡಿಗೆ ಸುಮಾರು 10,400 ಬಿಟ್. ನಂತರ ಬಂದ ಕ್ಯಾನ್ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ 5 ಲಕ್ಷ. ಲೈವ್ ಡೇಟಾದ ಎಲ್ಲ ಸಾಲುಗಳನ್ನೂ ಒಟ್ಟಿಗೆ ತೆರೆದರೆ ಒಂದೊಂದು ಅಂಕಿ ಬದಲಾಗಲು ಹಲವು ಸೆಕೆಂಡು ಹಿಡಿಯುತ್ತದೆ, ಸೊನ್ನೆ ಕಂಡರೆ ಅದು ನಿಜವಾದ ಸೊನ್ನೆಯೋ ಹಳಸಿದ ಸೊನ್ನೆಯೋ ಗೊತ್ತಾಗುವುದಿಲ್ಲ. ಎಂಜಿನ್ ವೇಗವೊಂದನ್ನೇ ಆರಿಸಿಕೊಂಡರೆ ಅಂಕಿ ಬೇಗ ಬದಲಾಗುತ್ತದೆ. ಕೈಪಿಡಿಯಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲ.

ಸ್ಕ್ಯಾನರ್‌ಗೆ ಕಾಣದ್ದೂ ಬಹಳಷ್ಟಿದೆ. ಪ್ಲಗ್ಗಿನಲ್ಲಿ ಕಿಡಿ ಹಾರುತ್ತಿದೆಯೇ ಎಂದು ತಿಳಿಯಲು ಸ್ಪಾರ್ಕ್ ಟೆಸ್ಟರ್ ಬೇಕು. ಪೆಟ್ರೋಲ್ ಒತ್ತಡ ಸಾಕಷ್ಟಿದೆಯೇ ಎಂದು ತಿಳಿಯಲು, ಅಂದರೆ ಸಾಮಾನ್ಯ ಇಂಜೆಕ್ಟರ್ ಎಂಜಿನ್ನಿನಲ್ಲಿ 2.5ರಿಂದ 4 ಬಾರ್ ಇದೆಯೇ ಎಂದು ನೋಡಲು, ಗೇಜ್ ಬೇಕು. ವಾಲ್ವುಗಳನ್ನು ಆಡಿಸುವ ಟೈಮಿಂಗ್ ಬೆಲ್ಟ್ ಕಡಿದಿದ್ದರೆ ಕ್ರ್ಯಾಂಕ್ ಸೆನ್ಸರ್ ಏನೂ ಆಗಿಲ್ಲವೆಂಬಂತೆ ಅಂಕಿ ಕೊಡುತ್ತಲೇ ಇರುತ್ತದೆ. ಅದನ್ನು ಹಿಡಿಯುವುದು ಕಿವಿ: ಕಂಪ್ರೆಷನ್ನಿನ ಏರಿಳಿತವಿಲ್ಲದೆ ಎಂಜಿನ್ ಎಂದಿಗಿಂತ ಹಗುರವಾಗಿ, ವೇಗವಾಗಿ, ಒಂದೇ ಶ್ರುತಿಯಲ್ಲಿ ತಿರುಗಿದರೆ ಕೂಡಲೇ ಕೀಲಿ ಬಿಡಬೇಕು. ಇಮೊಬಿಲೈಸರ್‌ನ ವಿಷಯದಲ್ಲಿ ನನ್ನ ಸ್ಕ್ಯಾನರ್ ಏನನ್ನೂ ಹೇಳುವುದಿಲ್ಲ, ಅದಕ್ಕೆ ಡ್ಯಾಶ್‌ಬೋರ್ಡಿನ ಕೀಲಿಯ ದೀಪವನ್ನೇ ನೋಡಬೇಕು.

ಕಾರ್ಬ್ಯುರೇಟರ್ ಇರುವ ಕಾರಿನವರಿಗೆ ಇದರಿಂದ ಪ್ರಯೋಜನವಿಲ್ಲ. ಇಂಜೆಕ್ಟರ್ ಕಾರಿನವರೂ ಮೊದಲು ಸ್ಟಿಯರಿಂಗ್ ಕೆಳಗೆ ಹದಿನಾರು ಪಿನ್ನಿನ ಸಾಕೆಟ್ ಇದೆಯೇ ಎಂದು ನೋಡಿಕೊಳ್ಳಬೇಕು. ಅಮೆರಿಕದಲ್ಲಿ 1996ರ ಮಾದರಿಗಳಿಂದ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಒಬಿಡಿ ಕಡ್ಡಾಯವಾಯಿತು. ಅದಕ್ಕಿಂತ ಹಿಂದಿನ ಕಾರಿನಲ್ಲಿ ಸಾಕೆಟ್ ಇದ್ದರೂ ಅದು ಈ ಸ್ಕ್ಯಾನರ್‌ನ ಭಾಷೆಯಲ್ಲಿ ಉತ್ತರಿಸುತ್ತದೆಂಬ ಖಾತರಿಯಿಲ್ಲ.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದೂವರೆ ಅಂಕದಲ್ಲಿ ಒಂದು ಪೂರ್ತಿಯಾಗಿ ಕಪ್ಪಾಗುವ ಪರದೆಯ ಪಾಲು. ಕೊಳ್ಳುವವರು ಡಬ್ಬಿಯ ಮೇಲೆ ಲೈವ್ ಡೇಟಾ ಎಂದು ಬರೆದಿದೆಯೇ ಎಂದು ಓದಿಕೊಳ್ಳಬೇಕು; ಇದೇ ಆಕಾರದಲ್ಲಿ, ಇದೇ ಬಣ್ಣದಲ್ಲಿ ಕೋಡನ್ನಷ್ಟೇ ಓದಿ ಅಳಿಸುವ ಅಗ್ಗದ ಸಾಧನಗಳೂ ಸಿಗುತ್ತವೆ, ಅವುಗಳಲ್ಲಿ ನನ್ನ ಕಾರಿನ ಆ ಸೊನ್ನೆ ಕಾಣುತ್ತಲೇ ಇರಲಿಲ್ಲ.